ಕೊಳಗಕ್ಕೆ ಎಷ್ಟು ಸೇರು?
(ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಮೇಷ್ಟರಾಗಿದ್ದಾಗ ನಾವು ಮಕ್ಕಳಿಗೆ "ಬಾಯಿ ಮುಚ್ಚು, ಹೇಳಿದ್ದು ಕೇಳು" ಎನ್ನುತ್ತಿದ್ದೆವು. ಪಕ್ಷಕ್ಕೆ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ಸಭೆಯಲ್ಲಿ ಪ್ರಶ್ನೆ ಕೇಳಿದವರನ್ನು ಗದರಿಸಿ ಕೂರಿಸಿದ್ದುಂಟು. ಅದು ನಮ್ಮ ತಪ್ಪು. ಗದರಿಸಿಕೊಂಡವನು ಒಪ್ಪುವುದಿಲ್ಲ, ಸುಮ್ಮನಾಗುತ್ತಾನೆ, ಅಷ್ಟೇ.

ಪ್ರಶ್ನೆ ಸತ್ತಲ್ಲಿ ಏನಾಗುತ್ತದೆ? ಕಾಗೋಡನ್ನು ನೆನೆಯಿರಿ. ಸಾಗರ ತಾಲೂಕಿನ ಆ ಹಳ್ಳಿಯಲ್ಲಿ ಗೇಣಿ ಭತ್ತ ಅಳೆಯಲು ಒಡೆಯರು ದೊಡ್ಡ ಕೊಳಗ ಇಟ್ಟಿದ್ದರು. ಕಣ್ಣೆದುರಿಗಿದ್ದ ಮೋಸವನ್ನು "ಹಿಂದಿನಿಂದ ಬಂದದ್ದು" ಎಂದು ಗೇಣಿದಾರರು ಸಹಿಸಿದರು. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿದರು; ಜನ ಕೂತು ಮಾತಾಡಿದರು; ಕೊಳಗಕ್ಕೆ ಎಷ್ಟು ಸೇರು ಎಂದು ಕೇಳಿದರು. 1951ರ ಏಪ್ರಿಲಿನಲ್ಲಿ ಸತ್ಯಾಗ್ರಹ ಶುರುವಾಯಿತು. ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು. ಜೂನಿನಲ್ಲಿ ಲೋಹಿಯಾ ಬಂದು ಸೆರೆಯಾದರು.

ನಮ್ಮ ತಲೆಯೊಳಗೂ ಇಂಥ ಕಳ್ಳ ಕೊಳಗಗಳಿವೆ. ಬೆಲೆ ಏರಿದರೆ ಗಿರಣಿಯವರು "ಅಂಗಡಿಯವರ ಲೂಟಿ" ಎನ್ನುತ್ತಾರೆ. ಅಂಗಡಿಯವರು "ಇವರ ಕೂಲಿ ಏರಿತು, ಅದಕ್ಕೇ" ಎನ್ನುತ್ತಾರೆ. ಸಗಟು ಅಂಗಡಿಯ ಚೀಟಿಯನ್ನೂ ಸಂಬಳದ ಚೀಟಿಯನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿದವರೆಷ್ಟು ಮಂದಿ? ನೋಡದೆ ಆಡಿದ್ದು ಅಭಿಪ್ರಾಯವಲ್ಲ, ಕೇಳಿದ ಸುದ್ದಿ. ಇಬ್ಬರೂ ಜಗಳವಾಡುತ್ತಿದ್ದರೆ ಲಾಭ ಮೂರನೆಯವನಿಗೆ.

ಓದೋಣ. ಒಪ್ಪದವರ ಹತ್ತಿರವೇ ಹೋಗಿ ಕೂತು ಮಾತಾಡೋಣ. ಅವರ ಲೆಕ್ಕ ಸರಿಯಿದ್ದರೆ ನಮ್ಮದನ್ನು ತಿದ್ದಿಕೊಳ್ಳೋಣ. ಅದರಿಂದ ಮಾನ ಹೋಗದು, ಮನುಷ್ಯ ಬೆಳೆಯುತ್ತಾನೆ.

ಮುಂದಿನ ಭಾನುವಾರ ಇಬ್ಬರೂ ಚೀಟಿ ತನ್ನಿ. ನಮ್ಮನ್ನೂ ಪ್ರಶ್ನೆ ಕೇಳಿ. ಗದರಿಸುವುದಿಲ್ಲ.