ಸಾಣೆಚಕ್ರದ ದನಿ

ಕಾರ್ಖಾನೆಯ ಸುರಕ್ಷತಾ ತಪಾಸಣೆ ಎಂದರೆ ಅಧಿಕಾರಿಗಳು ಬಂದು ಸಹಿ ಹಾಕಿ ಹೋಗುವುದೆಂದು ನೀವು ತಿಳಿದಿರಬಹುದು. ಅಪಾಯಕಾರಿ ಯಂತ್ರಭಾಗಗಳಿಗೆ ಭದ್ರವಾದ ರಕ್ಷಾಕವಚ ಇರಲೇಬೇಕೆಂದು 1948ರ ಕಾರ್ಖಾನೆ ಕಾಯಿದೆ ವಿಧಿಸಿತು, ನಿಜ. ಆದರೆ ಅವಸರದಲ್ಲಿ ಆ ಕವಚವನ್ನು ಬಿಚ್ಚಿಟ್ಟರೆ ಅಂದೇ ಕಾಣುವವರು ಯಾರು?

ಸಾಣೆಚಕ್ರವನ್ನೇ ತೆಗೆದುಕೊಳ್ಳಿ. ಯಂತ್ರಕ್ಕೆ ಜೋಡಿಸುವ ಮೊದಲು ಅದನ್ನು ತೂಗುಬಿಟ್ಟು ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾರೆ. ಖಣಿಲೆಂದರೆ ಚಕ್ರ ಗಟ್ಟಿ. ಮಂಕು ದನಿ ಬಂದರೆ ಬಿರುಕಿನ ಶಂಕೆ, ಬಳಸಕೂಡದು. ಬಿರುಕುಬಿಟ್ಟ ಚಕ್ರ ತಿರುಗುವ ವೇಗಕ್ಕೆ ಸಿಡಿದರೆ ಕಣ್ಣು ಹೋದೀತು, ಪ್ರಾಣವೂ ಹೋದೀತು. ಟೂಲ್‌ರೆಸ್ಟಿಗೂ ಚಕ್ರಕ್ಕೂ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ಸಂದಿ ಇದ್ದರೆ, ಉಜ್ಜುವ ತುಂಡು ಅದರಲ್ಲಿ ಸಿಕ್ಕಿಕೊಳ್ಳಬಹುದು.

ನಾಳೆ ವರ್ಕ್‌ಶಾಪಿನಲ್ಲಿ ಸ್ವಿಚ್ ಒತ್ತುವ ಮುನ್ನ ಕವಚ, ಸಂದಿ ಎರಡನ್ನೂ ನೀವೇ ನೋಡಿ. ಯಂತ್ರದ ಮೊದಲ ತಪಾಸಕರು ಅದರ ಎದುರು ನಿಂತವರೇ.