ನಮ್ಮ ನೆಲದಲ್ಲಿ ಪ್ರಾಣ ಬಿಟ್ಟವರು ನಮ್ಮವರೇ

(ಕನ್ನಡ ಗೆಳೆಯರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಚ್ಚಿನ ಯಂತ್ರದ ಮುಂದೆ ನಿಂತವನು. ನಿಮ್ಮ ಕರಪತ್ರ, ಭಿತ್ತಿಪತ್ರ, ರಸೀದಿ ಪುಸ್ತಕ ಅಚ್ಚು ಹಾಕಿಕೊಡುವುದು ನನ್ನ ಕಸುಬು. ಇವತ್ತು ಅಂಥ ಒಂದು ಕರಪತ್ರದ ಕಥೆಯನ್ನೇ ಹೇಳುತ್ತೇನೆ.

2019ರ ಫೆಬ್ರವರಿ 19, ಮಂಗಳವಾರ. ಮಾರನೆಯ ದಿನ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ಶುರುವಾಗಬೇಕಿತ್ತು. ವಾಯುಪಡೆಯ ಸೂರ್ಯಕಿರಣ ತಂಡ ಆಕಾಶದಲ್ಲಿ ಅಭ್ಯಾಸ ನಡೆಸುತ್ತಿತ್ತು. ನೋಡನೋಡುತ್ತಿದ್ದಂತೆ ಎರಡು ಹಾಕ್ ವಿಮಾನಗಳು ಒಂದಕ್ಕೊಂದು ತಗುಲಿ ನೆಲಕ್ಕೆ ಬಿದ್ದವು. ವಿಂಗ್ ಕಮಾಂಡರ್ ವಿಜಯ್ ಶೆಲ್ಕೆ ಮತ್ತು ಸ್ಕ್ವಾಡ್ರನ್ ಲೀಡರ್ ತೇಜೇಶ್ವರ್ ಸಿಂಗ್ ವಿಮಾನದಿಂದ ಹೊರಜಿಗಿದು ಬದುಕಿದರು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಉಳಿಯಲಿಲ್ಲ. ಹರಿಯಾಣದ ಹಿಸಾರ್ ಅವರ ಊರು. ಎಳೆಯ ಮಗನೊಬ್ಬನ ತಂದೆ.

ಅವತ್ತು ಸಂಜೆ ನಾಲ್ಕೈದು ಹುಡುಗರು ನಮ್ಮ ಪ್ರೆಸ್ಸಿಗೆ ಬಂದರು. ಶ್ರದ್ಧಾಂಜಲಿಯ ಕರಪತ್ರ ಬೇಕೆಂದರು. ಮೊಬೈಲಿನಲ್ಲಿ ತಂದಿದ್ದ ಮಾದರಿ ನೋಡಿದೆ. ಮೇಲಿಂದ ಕೆಳಗಿನವರೆಗೆ ಇಂಗ್ಲಿಷು! ಅಂಗಡಿಗಳ ಮುಂದೆ ಕನ್ನಡ ಫಲಕ ಹಾಕಿ ಎಂದು ಗಂಟಲು ಹರಿಯುವಂತೆ ಕೂಗಿದ ಹುಡುಗರೇ ಅವರು. ಕೇಳಿದರೆ, "ಇಂಥದ್ದಕ್ಕೆಲ್ಲ ಇಂಗ್ಲಿಷೇ ಚೆನ್ನಾಗಿರುತ್ತದಲ್ಲ ಅಣ್ಣ" ಎಂದರು.

ಅಷ್ಟರಲ್ಲಿ ಅವರಲ್ಲೇ ಒಬ್ಬ ಇನ್ನೊಂದು ಮಾತು ಎತ್ತಿದ. "ಅಲ್ಲ ಅಣ್ಣ, ಅವರು ಹರಿಯಾಣದವರು. ಹಿಂದಿಯವರು. ನಾವು ದಿನಾ ಹಿಂದಿ ಹೇರಿಕೆ ವಿರುದ್ಧ ಹೋರಾಡುತ್ತೇವೆ. ಈಗ ನಮ್ಮ ಬಾವುಟ ಹಿಡಿದು ಅವರಿಗೆ ಶ್ರದ್ಧಾಂಜಲಿ ಯಾಕೆ?"

ನನಗೆ ಸಿಟ್ಟು ಬರಲಿಲ್ಲ. ಅವನು ಕೆಟ್ಟವನಲ್ಲ, ನಾವೇ ಅವನಿಗೆ ಅರ್ಧ ಪಾಠ ಹೇಳಿಕೊಟ್ಟಿದ್ದೆವು. ಯಾರ ವಿರುದ್ಧ ನಿಲ್ಲಬೇಕು ಎಂದು ಹೇಳಿದ್ದೆವೇ ಹೊರತು ಯಾರಿಗಾಗಿ ಕಣ್ಣೀರು ಹಾಕಬೇಕು ಎಂದು ಹೇಳಿರಲಿಲ್ಲ. ಅವನನ್ನು ಕೂರಿಸಿಕೊಂಡು, ಟೀ ತರಿಸಿ, ನನಗೆ ತಿಳಿದಷ್ಟು ಹೇಳಿದೆ. ಅದನ್ನೇ ಈಗ ನಿಮಗೂ ಹೇಳುತ್ತೇನೆ.

ಸೂರ್ಯಕಿರಣ ಎಲ್ಲಿಯದು ಗೊತ್ತೇ? ಬೀದರಿನದು! 1996ರಲ್ಲಿ ನಮ್ಮ ಬೀದರಿನ ವಾಯುನೆಲೆಯಲ್ಲಿ ಆ ತಂಡ ಹುಟ್ಟಿತು. ಮೊದಲು ಹಾರಿಸಿದ್ದು ಕಿರಣ್ ವಿಮಾನಗಳನ್ನು. ಆ ಕಿರಣ್ ಬೆಂಗಳೂರಿನ ಎಚ್.ಎ.ಎಲ್.ನಲ್ಲೇ ವಿನ್ಯಾಸಗೊಂಡು 1964ರಲ್ಲಿ ಮೊದಲು ಹಾರಿದ ತರಬೇತಿ ವಿಮಾನ. 2011ರಲ್ಲಿ ತಂಡವನ್ನು ನಿಲ್ಲಿಸಿದರು. 2015ರಲ್ಲಿ ಹಾಕ್ ವಿಮಾನಗಳೊಂದಿಗೆ ಮತ್ತೆ ಕಟ್ಟಿದರು. ಮೂಲ ಬ್ರಿಟನ್ನಿನದಾದರೂ ಆ ಹಾಕ್‌ಗಳನ್ನೂ ಎಚ್.ಎ.ಎಲ್. ಇಲ್ಲೇ ತಯಾರಿಸಿದೆ. ಅಂದ ಮೇಲೆ ಸಾಹಿಲ್ ಗಾಂಧಿ ಹಿಸಾರಿನವರಾದರೂ ಹಾರುತ್ತಿದ್ದುದು ಬೀದರಿನ ತಂಡದಲ್ಲಿ, ಪ್ರಾಣ ಬಿಟ್ಟದ್ದು ಯಲಹಂಕದಲ್ಲಿ. ಅವರನ್ನು ಪರರು ಎನ್ನುವುದು ಹೇಗೆ?

ಅವರ ಕೆಲಸ ಎಂಥದ್ದು, ಕೇಳಿ. ಒಂಬತ್ತು ವಿಮಾನಗಳು ಕೆಲವೇ ಮೀಟರುಗಳ ಅಂತರದಲ್ಲಿ ಒಟ್ಟಿಗೆ ಹಾರುತ್ತವೆ. ದಾರಿ ನೋಡುವವನು ನಾಯಕ. ಉಳಿದವರ ಕಣ್ಣು ಪಕ್ಕದ ವಿಮಾನದ ಮೇಲೆ ನೆಟ್ಟಿರುತ್ತದೆ. ಆ ವಿಮಾನದ ಮೈಮೇಲಿನ ಗುರುತುಗಳಿಗೆ ಸರಿಯಾಗಿ ತಮ್ಮ ವಿಮಾನವನ್ನು ಹಿಡಿದಿಟ್ಟುಕೊಳ್ಳಬೇಕು. ನಾಯಕನ ದನಿ ಕಿವಿಯಲ್ಲಿ. ಅವನು ತಲೆಕೆಳಗಾದರೆ ಇವರೂ ತಲೆಕೆಳಗು. ಅಂದರೆ ಪಕ್ಕದವನ ಕೈಯಲ್ಲಿ ತನ್ನ ಜೀವ ಇಟ್ಟು ಹಾರುವುದು. ಆ ಪಕ್ಕದವನು ಕೇರಳದವನೋ ಪಂಜಾಬಿನವನೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ನನ್ನ ಕಸುಬಿನಲ್ಲಿ ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಜರುಗಿದರೂ ಚಿತ್ರ ಮಸುಕು. ಆದರೆ ಕೆಟ್ಟ ಹಾಳೆಯನ್ನು ನಾನು ರದ್ದಿಗೆ ಹಾಕಬಹುದು. ಅವರಿಗೆ ರದ್ದಿಗೆ ಹಾಕುವ ಹಾಳೆ ಒಂದೂ ಇಲ್ಲ.

ಬೀದರ್ ಇದನ್ನು ಮೊದಲೇ ಕಂಡಿದೆ. 2006ರ ಮಾರ್ಚ್ 18ರಂದು ಬೀದರಿನ ಬಳಿ ಸೂರ್ಯಕಿರಣದ ವಿಂಗ್ ಕಮಾಂಡರ್ ಧೀರಜ್ ಭಾಟಿಯಾ ಮತ್ತು ಸ್ಕ್ವಾಡ್ರನ್ ಲೀಡರ್ ಶೈಲೇಂದರ್ ಸಿಂಗ್ ತೀರಿಕೊಂಡರು. 2009ರ ಜನವರಿ 21ರಂದು ವಿಂಗ್ ಕಮಾಂಡರ್ ಧಾಲಿವಾಲ್ ಕೂಡ ಅಲ್ಲೇ ಬಿದ್ದರು. ಈ ಹೆಸರುಗಳಲ್ಲಿ ಒಂದನ್ನಾದರೂ ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಕೈ ಎತ್ತಬೇಡಿ. ಆ ಸಂಜೆಯವರೆಗೆ ನನಗೂ ಗೊತ್ತಿರಲಿಲ್ಲ. ಕರಪತ್ರಕ್ಕೆಂದು ಹುಡುಕುವಾಗ ಸಿಕ್ಕ ಹೆಸರುಗಳಿವು.

ಹಳೇ ಮದ್ರಾಸ್ ರಸ್ತೆಯಿಂದ ಎಚ್.ಎ.ಎಲ್. ಕಡೆಗೆ ಹೋಗುವ ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಬೈಕು ಓಡಿಸುತ್ತೀರಿ. ಯಾರು ಆ ದಾಸ್? ನಮ್ಮ ದೇಶದಲ್ಲೇ ಅಭಿವೃದ್ಧಿಪಡಿಸಿದ ಮೊದಲ ಜೆಟ್ ಯುದ್ಧವಿಮಾನ ಮಾರುತ್ ಅನ್ನು 1961ರ ಜೂನ್ 17ರಂದು ಬೆಂಗಳೂರಿನ ಆಕಾಶಕ್ಕೆ ಮೊದಲು ಏರಿಸಿದವರು. 1970ರ ಜನವರಿ 10ರಂದು ಅದೇ ಮಾರುತ್‌ನ ಪರೀಕ್ಷೆಯಲ್ಲಿ ಇದೇ ಊರಲ್ಲಿ ಪ್ರಾಣ ಕೊಟ್ಟರು. ಬಂಗಾಳಿ ಹೆಸರು ಎಂದು ಬೆಂಗಳೂರು ದೂರ ಇಡಲಿಲ್ಲ, ರಸ್ತೆಗೇ ಇಟ್ಟುಕೊಂಡಿತು. ಇದು ನಮ್ಮ ಹಿರಿಯರ ಕನ್ನಡತನ!

ಹಾಗಾದರೆ ಹಿಂದಿ ಹೇರಿಕೆಗೆ ತಲೆಬಾಗಬೇಕೇ? ಖಂಡಿತ ಬೇಡ. ಬ್ಯಾಂಕಿನ ಚಲನ್ನಿನಲ್ಲಿ, ರೈಲಿನ ಟಿಕೇಟಿನಲ್ಲಿ, ಕೆಲಸದ ಪರೀಕ್ಷೆಯಲ್ಲಿ ಕನ್ನಡ ಬೇಕೇ ಬೇಕು. ಆ ಹೋರಾಟ ಹೇರುವ ಆಡಳಿತದ ವಿರುದ್ಧ. ಹಿಂದಿ ಮಾತಾಡುವ ಮನೆಯಲ್ಲಿ ಹುಟ್ಟಿ, ಇಲ್ಲಿಗೆ ಬಂದು, ಇಲ್ಲೇ ಮಡಿದವರ ವಿರುದ್ಧ ಅಲ್ಲ. ಇವೆರಡನ್ನೂ ಒಂದೇ ಮಾಡಿದರೆ ನಮ್ಮ ಅಭಿಮಾನ ದುರಭಿಮಾನವಾಗುತ್ತದೆ. ಆಗ ನಮ್ಮ ನ್ಯಾಯವಾದ ಬೇಡಿಕೆಯನ್ನೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇಂಗ್ಲಿಷ್ ಮಾದರಿ ತಂದ ಹುಡುಗರಿಗೂ ಒಂದು ಮಾತು ಹೇಳಿದೆ. ಜಗಳಕ್ಕೆ ಕನ್ನಡ, ದುಃಖಕ್ಕೆ ಇಂಗ್ಲಿಷ್ ಎಂದರೆ ಕನ್ನಡ ಉಳಿಯುತ್ತದೆಯೇ? ಮನೆಯಲ್ಲಿ ಅಜ್ಜಿ ಹೋದಾಗ ಯಾವ ಭಾಷೆಯಲ್ಲಿ ಅತ್ತಿರಿ? ಅದೇ ಭಾಷೆಯಲ್ಲಿ ಬರೆಯಿರಿ ಎಂದೆ. ಬರೆಯಲು ಕೂತರು, ಹೊಡೆದುಹಾಕಿದರು, ಮತ್ತೆ ಬರೆದರು. ರಾತ್ರಿ ಹತ್ತಕ್ಕೆ ನಾಲ್ಕು ಸಾಲು ಸಿದ್ಧವಾಯಿತು. ಕೊನೆಯ ಸಾಲು ಬರೆದವನು ಪ್ರಶ್ನೆ ಎತ್ತಿದ ಅದೇ ಹುಡುಗ: "ಹಿಸಾರಿನ ತಾಯಿಯೇ, ನಿಮ್ಮ ಮಗ ನಮ್ಮ ಊರಲ್ಲಿ ಒಂಟಿಯಾಗಿರಲಿಲ್ಲ." ಆ ಕರಪತ್ರಕ್ಕೆ ನಾನು ಕಾಸು ತೆಗೆದುಕೊಳ್ಳಲಿಲ್ಲ.

ಪ್ರದರ್ಶನ ಮುಗಿಯುವ ಮುನ್ನವೇ ಸೂರ್ಯಕಿರಣ ತಂಡ ಯಲಹಂಕದ ಆಕಾಶಕ್ಕೆ ಮತ್ತೆ ಏರಿತು. ಗೆಳೆಯನನ್ನು ಕಳೆದುಕೊಂಡು ಕೆಲವೇ ದಿನ. ಆದರೂ ಏರಿದರು.

ತಮ್ಮಂದಿರೇ, ನಿಮ್ಮಿಂದ ಮೂರು ಕೆಲಸ ಬೇಡುತ್ತೇನೆ. ಸೂರ್ಯಕಿರಣದ ಕಥೆಯನ್ನು, ಈ ಹೆಸರುಗಳನ್ನು ಕನ್ನಡದಲ್ಲಿ ಬರೆಯಿರಿ. ಅಚ್ಚು ಹಾಕುವ ಹೊಣೆ ನನ್ನದು. ವಿಮಾನ ಪ್ರದರ್ಶನದ ವಿವರಣೆ ಕನ್ನಡದಲ್ಲೂ ಇರಲಿ ಎಂದು ಗೌರವದಿಂದ, ಆದರೆ ಬಿಡದೆ ಕೇಳಿ. ಆ ಆಕಾಶದ ಕೆಳಗೆ ನಿಂತು ನೋಡುವವರು ನಾವೇ ತಾನೇ? ಪ್ರತಿ ಫೆಬ್ರವರಿ 19ರಂದು ಯಲಹಂಕದ ಕಡೆ ಮುಖ ಮಾಡಿ ಒಂದು ನಿಮಿಷ ಸುಮ್ಮನೆ ನಿಲ್ಲಿ. ಘೋಷಣೆ ಬೇಡ, ಮೊಬೈಲೂ ಬೇಡ.

ಆ ಒಂದು ನಿಮಿಷ ಮುಗಿದ ಮೇಲೆ ಬೇಕಾದಷ್ಟು ಜೋರಾಗಿ ಕೂಗೋಣ. ಸಿರಿಗನ್ನಡಂ ಗೆಲ್ಗೆ!