ಸಿಟ್ಟು ಇಳಿದ ಮೇಲೆ ಉಳಿಯುವ ಪ್ರಶ್ನೆ

ಆಳಂದ ತಾಲ್ಲೂಕಿನ ಗಡಿಯೂರು ಹಿರೋಳ್ಳಿ ದಾಟಿದರೆ ಅಕ್ಕಲಕೋಟೆ, ಅದರಾಚೆ ಸೊಲ್ಲಾಪುರ. 12ನೇ ಶತಮಾನದಲ್ಲಿ ಅದು ಸೊನ್ನಲಿಗೆ, ವಚನಕಾರ ಸಿದ್ಧರಾಮನ ಊರು.

ಶರಣರ ಸಂವಾದಗಳ ಗ್ರಂಥವಾದ ಶೂನ್ಯಸಂಪಾದನೆಯಲ್ಲಿ ಅವನದೊಂದು ಪ್ರಸಂಗ ಬರುತ್ತದೆ. ಸಿದ್ಧರಾಮ ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಿಗೆ ಬಂದ ಶರಣ ಅಲ್ಲಮಪ್ರಭು, ಶಿಷ್ಯರೆದುರೇ ಅವನ ಬಗ್ಗೆ ಹಗುರವಾಗಿ ಮಾತಾಡಿದ. ಶಿಷ್ಯರು ಕೆರಳಿ ಕಲ್ಲು ತೂರಿದರು. ಸಿದ್ಧರಾಮನೂ ಸಿಟ್ಟಿಗೆದ್ದ. ವಾದ ಬೆಳೆಯಿತು. ಕೊನೆಗೆ ಅಲ್ಲಮನ ಮಾತಿನ ತಿರುಳು ಸಿದ್ಧರಾಮನಿಗೆ ತಿಳಿದು, ಅವರಿಬ್ಬರೂ ಕೂಡಿಯೇ ಶರಣರು ನೆರೆದಿದ್ದ ಕಲ್ಯಾಣದ ದಾರಿ ಹಿಡಿದರು.

ಅಲ್ಲಮನ ಆಕ್ಷೇಪ ಕೆರೆಯ ಮೇಲಲ್ಲ, ‘ನಾನು ಕಟ್ಟಿಸಿದೆ’ ಎಂಬ ಭಾವದ ಮೇಲೆ. ಹೆಮ್ಮೆ ಇದ್ದಲ್ಲೇ ಮಾತು ಚುಚ್ಚುತ್ತದೆ.

ನಮ್ಮ ಕಡೆಯೂ ಹೀಗೇ ಚುಚ್ಚುಮಾತು ಬೆಳೆದು, ತೊಗರಿ ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ವರ್ಷಗಟ್ಟಲೆ ನೆನಪಿರುವುದು ಬೈದ ಧಾಟಿ; ಬೈಗುಳದೊಳಗಿನ ಪ್ರಶ್ನೆ ಮರೆತೇ ಹೋಗಿರುತ್ತದೆ. ಹಾಗೆಂದು ಎಲ್ಲ ಅವಮಾನವನ್ನೂ ನುಂಗಬೇಕಿಲ್ಲ. ಆದರೆ ಹಳೆಯ ಜಗಳವೊಂದು ಇನ್ನೂ ಕಾಡುತ್ತಿದ್ದರೆ ನಮ್ಮನ್ನೇ ಕೇಳಿಕೊಳ್ಳೋಣ: ಅವರು ಹೇಳಿದ್ದರಲ್ಲಿ ನಿಜವೆಷ್ಟಿತ್ತು? ಅಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರೆ, ಎದುರು ಸಿಕ್ಕಾಗ ಮಾತಾಡಿಸುವುದು ಸುಲಭವಾಗುತ್ತದೆ.